ಬಾಗಿಲ ಬಳಿಯ ಮಣೆ

ಮಕ್ಕಳೇ, ನಿಮ್ಮ ಅಜ್ಜಿಗೆ ಒಂದು ಚಟವಿದೆ. ಎಲೆ ಅಡಿಕೆಯದಲ್ಲ, ತಪಕೀರಿನದೂ ಅಲ್ಲ. ಯಾವ ವಸ್ತುವನ್ನು ಕಂಡರೂ ಅದನ್ನು ಅದರ ಜಾಗದಲ್ಲಿ ಇಡುವ ಚಟ. ಒಮ್ಮೆ ಜಲನಗರದ ದವಾಖಾನೆಯ ಹೊರಗೆ ಸರದಿಗಾಗಿ ಕಾಯುತ್ತಿದ್ದೆ. ಅಲ್ಲಿ ಬಿದ್ದಿದ್ದ ಚಪ್ಪಲಿಗಳನ್ನೆಲ್ಲ ಜೋಡಿ ಮಾಡಿ ಸಾಲಾಗಿ ಇಟ್ಟೆ. ಒಳಗಿನಿಂದ ಬಂದ ಒಬ್ಬ ಹಿರಿಯರು ತಮ್ಮ ಚಪ್ಪಲಿಗಾಗಿ ಬಿಸಿಲಲ್ಲಿ ಬರಿಗಾಲಲ್ಲಿ ಹುಡುಕಾಡಿದರು. ಪಾಪ, ಅವರು ಮನೆಯಿಂದಲೇ ಅವಸರದಲ್ಲಿ ಒಂದು ಕರಿಯದು, ಒಂದು ಕಂದು ಮೆಟ್ಟಿಕೊಂಡು ಬಂದಿದ್ದರಂತೆ. ನಾನು ಎರಡನ್ನೂ ಬೇರೆ ಮಾಡಿಬಿಟ್ಟಿದ್ದೆ. ಇಟ್ಟಂಗಿಹಾಳದ ಸಾಲಿಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದ ನಾನು ಅಲ್ಲಿ ಬಾಯಿ ತೆರೆದದ್ದು ಹಾಜರಿ ಹೇಳುವಾಗ ಮಾತ್ರ. ಮಾತನಾಡಲು ನಾಚುವವರ ಕೈ ಸುಮ್ಮನೆ ಕೂರುವುದಿಲ್ಲ, ಏನು ಮಾಡಲಿ?

ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಂಗಲಾ, ಎಂದರೆ ಪಲ್ಲವಿಯ ಅವ್ವ, ಮಕ್ಕಳ ವಸ್ತುಸಂಗ್ರಹಾಲಯದಲ್ಲಿ ಕೋಣೆಗಳನ್ನು ರೂಪಿಸುವ ಕೆಲಸ ಹಿಡಿದಳು. ಬಹಳ ಹಿಂದೆ ನಿಮ್ಮ ಅಜ್ಜ ನನ್ನನ್ನು ಒಂದು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದರು. ಅಲ್ಲಿ ಓರೆಯಾಗಿದ್ದ ಒಂದು ಹೂಜಿಯನ್ನು ನಾನು ನೆಟ್ಟಗೆ ಮಾಡಲು ಹೋಗಿ ಕಾವಲುಗಾರನ ಕೈಯಲ್ಲಿ ಬೈಸಿಕೊಂಡೆ. "ಮುಟ್ಟಬ್ಯಾಡ್ರಿ ಅಂತ ಗ್ವಾಡಿ ಮ್ಯಾಲ ಬರದೈತಿ. ಏಳನೆತ್ತ ಕಲತಾಕಿ, ಓದಾಕ ಬರಂಗಿಲ್ಲೇನು?" ಎಂದು ನಿಮ್ಮ ಅಜ್ಜ ದಾರಿಯುದ್ದಕ್ಕೂ ನಕ್ಕಿದ್ದರು. ಮಂಗಲಾಳ ಕಡೆ ಎಲ್ಲ ತಿರುವುಮುರುವು. ಅಲ್ಲಿ ಮಕ್ಕಳು ಎಲ್ಲವನ್ನೂ ಮುಟ್ಟಬೇಕು, ಎಳೆಯಬೇಕು, ಕೂತು ನೋಡಬೇಕು. ಸಮಾಜದಲ್ಲಿ ಯಾರಿಗೆ ಎಲ್ಲಿ ನೋವಾಗುತ್ತದೆ ಎಂಬುದು ಆಟ ಆಡುತ್ತಲೇ ತಿಳಿಯಬೇಕಂತೆ.

ಅವಳು ಮಾಡಿದ ಒಂದು ಕೋಣೆ ಕುಬಸದ್ದು, ಕೆಲವರು ಸೀಮಂತ ಎನ್ನುತ್ತಾರಲ್ಲ, ಅದು. ನಡುವೆ ಚೊಚ್ಚಲ ಬಸುರಿಯ ದೊಡ್ಡ ಬೊಂಬೆ, ಸುತ್ತಲೂ ಆರು ಮಣೆ, ತಟ್ಟೆಯಲ್ಲಿ ಉಡಿ ತುಂಬುವ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ. ಮಕ್ಕಳು ಡಬ್ಬಿಯಿಂದ ಒಂದೊಂದು ಚೀಟಿ ಎತ್ತಬೇಕು. ಒಬ್ಬಳು ಅತ್ತೆ, ಒಬ್ಬಳು ನಾದಿನಿ, ಒಬ್ಬಳು ಅಕ್ಕ, ಹೀಗೆ. ಆರನೆಯ ಚೀಟಿ ಗಂಡನಿಲ್ಲದ ಅವ್ವ. ಪ್ರತಿ ಮಣೆಯ ಮೇಲೂ ಅದರವರ ಚಿತ್ರ. ಆರೂ ಮಣೆ ತುಂಬಿದರೆ ಬೊಂಬೆಯ ತಲೆಯ ಮೇಲೆ ದೀಪ ಹತ್ತುತ್ತದೆ. ಒಬ್ಬರು ಎದ್ದರೂ ಆರಿಹೋಗುತ್ತದೆ. ಗೋಡೆಯ ಮೇಲೆ "ಇವರಲ್ಲಿ ಯಾರು ಎದ್ದು ಹೋಗಬೇಕು? ಯಾಕೆ?" ಎಂದು ಬರೆದಿತ್ತು.

ಆದರೆ ದೀಪದ ವಿಷಯ ನನಗೆ ಆಮೇಲೆ ತಿಳಿದದ್ದು. ಕೋಣೆಯನ್ನು ಮೊದಲ ಸಲ ತೋರಿಸುವ ಹಿಂದಿನ ದಿನ ಮಂಗಲಾ, "ಅವ್ವಾ, ಎಲ್ಲಾ ಬರೋಬರಿ ಐತೇನ ನೋಡು. ನಮ್ಮ ಕಡೀ ಪದ್ಧತಿ ನಿನಗ ಗೊತ್ತು" ಎಂದು ಹೇಳಿ ಫೋನು ಹಿಡಿದು ಆಚೆ ಹೋದಳು. ನೋಡಿದೆ. ಅಕ್ಕಿ ಸರಿ, ಖಣ ಸರಿ. ಮುತ್ತೈದೆಯರ ಸಾಲಿನಲ್ಲಿ ಗಂಡನಿಲ್ಲದ ಅವ್ವನ ಮಣೆ! ಹುಡುಗಿ ಕೆಲಸದ ಗಡಿಬಿಡಿಯಲ್ಲಿ ಮರೆತಿದ್ದಾಳೆ ಎಂದುಕೊಂಡೆ. ನಾಲ್ಕು ಮಂದಿಯ ಮುಂದೆ ಅವಳ ತಪ್ಪು ಯಾಕೆ ಹೇಳಬೇಕೆಂದು ನಾನೇ ಆ ಮಣೆ ಎತ್ತಿ ಬಾಗಿಲ ಬಳಿ ಇಟ್ಟೆ. ಅದರ ಅಡಿಯಿಂದ ದಾರದಂಥದ್ದೇನೋ ಕಿತ್ತು ಬಂತು. ಅದನ್ನೂ ಅಂದವಾಗಿ ಸುತ್ತಿ ಮಣೆಯ ಕೆಳಗೆ ಸಿಕ್ಕಿಸಿದೆ.

ಮರುದಿನ ಹಣ ಕೊಟ್ಟ ಟ್ರಸ್ಟಿನ ಹಿರಿಯರು ಬಂದರು, ಆ ಗಡಿಬಿಡಿಯಲ್ಲಿ ಮಂಗಲಾ ಮಣೆಗಳ ಕಡೆ ನೋಡಲಿಲ್ಲ. ಆಟ ಆಡಿ ನೋಡಲು ತಿಕೋಟಾ ಕಡೆಯ ಸಾಲಿ ಮಕ್ಕಳು ಬಂದರು. ಅವರ ಜೊತೆ ಆಟಕ್ಕೆ ಸೇರಿದ ಪಲ್ಲವಿಗೆ ಗಂಡನಿಲ್ಲದ ಅವ್ವನ ಚೀಟಿ ಬಂತು. ಚಿತ್ರ ಹುಡುಕುತ್ತ ಹೋಗಿ ಬಾಗಿಲ ಬಳಿ ಕೂತಳು. ಎಲ್ಲರೂ ಕೂತರು. ದೀಪ ಹತ್ತಲಿಲ್ಲ.

ಇಬ್ರಾಹಿಂಪುರದಿಂದ ಬಂದಿದ್ದ ವೈರಿಂಗ್ ಕೆಲಸದ ರಫೀಕ್ ಬೆವರು ಒರೆಸಿಕೊಂಡರು. "ನಿನ್ನಿ ಛಂದಂಗ ಹತ್ತಿತ್ತರಿ ಮೇಡಮ್ಮಾರ, ಅಲ್ಲಾನ ಆಣಿ!"

"ಕರೆಂಟ್ ಹೋಗಿರಬೇಕ್ರಿ. ನಮ್ಮೂರಾಗ ದಿನಾ ಹೋಗತೈತಿ" ಎಂದು ತಿಕೋಟಾದ ಹುಡುಗಿಯೊಬ್ಬಳು ಸಮಾಧಾನ ಹೇಳಿದಳು.

ಹಿರಿಯರು ಗಡಿಯಾರ ನೋಡಿಕೊಂಡರು. "ನಾ ಮೊದಲ ಹೇಳಿದ್ದೆ ಮಂಗಲಾ. ಈ ಕಾಲದಾಗ ಗಂಡಿಲ್ಲದಾಕೀನ ಯಾರ ಎಬ್ಬಸತಾರು? ಈ ಖೋಲ್ಯಾಗ ಕಾಯಿಪಲ್ಲೆ ಅಂಗಡಿ ಮಾಡೂಣು. ಹುಡುಗೂರಿಗೆ ತೂಕಾನರೆ ತಿಳೀತೈತಿ."

ಮಂಗಲಾ ತುಟಿ ಕಚ್ಚಿಕೊಂಡಳು. ಚಿಕ್ಕವಳಿದ್ದಾಗ ಅಳು ತಡೆಯಲು ಹಾಗೆಯೇ ಮಾಡುತ್ತಿದ್ದಳು. ಎರಡು ವರ್ಷದಿಂದ ಅವಳು ಊಟ ಬಿಟ್ಟು ಕಟ್ಟಿದ ಕೋಣೆ ಬದನೆಕಾಯಿಯ ಪಾಲಾಗುವುದರಲ್ಲಿತ್ತು.

ಅಷ್ಟರಲ್ಲಿ ಪಲ್ಲವಿ, "ಅವ್ವಾ, ನಾ ಒಬ್ಬಾಕೀನ ಯಾಕ ಇಲ್ಲಿ ಕುಂತೀನಿ?" ಎಂದಳು. ರಫೀಕ್ ಓಡಿಬಂದು ಮಣೆ ಎತ್ತಿದರು. "ಯಪ್ಪಾ! ವೈರ್ ಕಿತ್ತು ಸುತ್ತಿ ಇಟ್ಟಾರಲ್ಲರಿ! ಇಷ್ಟ ಛಂದ ನಾ ಸುದ್ದಾ ಸುತ್ತಂಗಿಲ್ಲ. ಯಾರರಿ ಇದನ್ನ ಮಾಡಿದವರು?"

ನಾನು ಸೆರಗಿನ ತುದಿಯನ್ನು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ಕೊನೆಗೆ "ನಾನರಿ" ಎಂದೆ. ಹಾಜರಿ ಹೇಳಿದ ಹಾಗೆಯೇ ಕೇಳಿಸಿತು.

"ಯಾಕರಿ ಅಮ್ಮಾರ?" ಎಂದರು ಹಿರಿಯರು.

"ಅದರ ಜಾಗಾ ಅಲ್ಲೇ ಅಲ್ಲೇನ್ರಿ?"

ಕರೆಂಟಿನ ಮಾತು ಹೇಳಿದ್ದ ಹುಡುಗಿ ನನ್ನನ್ನೇ ನೋಡುತ್ತ, "ಹಂಗಂತ ಯಾರ್ ಹೇಳ್ಯಾರ್ ಬೇ ಅಜ್ಜಿ?" ಎಂದಳು. ನಾನು ನೆನಪು ಮಾಡಿಕೊಂಡೆ. ನಮ್ಮತ್ತೆ ಹೇಳಲಿಲ್ಲ, ನಿಮ್ಮ ಅಜ್ಜ ಹೋಗುವ ಮೊದಲೇ ಅವರು ತೀರಿಕೊಂಡಿದ್ದರು. ಬೀಗರು ಹೇಳಲಿಲ್ಲ. ಎಷ್ಟು ಹುಡುಕಿದರೂ ಒಂದು ಮುಖ ಸಿಗಲಿಲ್ಲ. ಹಿರಿಯರು ನನ್ನನ್ನೂ ಗೋಡೆಯ ಮೇಲಿನ ಅಕ್ಷರಗಳನ್ನೂ ನೋಡಿ, "ಈ ಖೋಲಿ ಇರಲಿ" ಎಂದು ಹೇಳಿ ಎದ್ದರು. ರಫೀಕ್ ವೈರು ಜೋಡಿಸಿದ ಮೇಲೆ ದೀಪವೂ ಹತ್ತಿತು.

ಬೀಸುವ ದೊಣ್ಣೆ ತಪ್ಪಿತೆಂದು ನಾನು ಮನೆಗೆ ಮರಳುವ ಆಟೋದಲ್ಲಿ ನಿರಾಳವಾಗಿ ಕೂತಿದ್ದೆ. ಮಂಗಲಾ ಹೊರಗೆ ನೋಡುತ್ತಲೇ, "ಅವ್ವಾ, ನನ್ನ ಕುಬಸದ ದಿನ ನೀ ಯಾಕ ಬರಲಿಲ್ಲ?" ಎಂದಳು.

"ಬಂದಿದ್ದೆನಲ್ಲವ್ವಾ. ಅಡಗಿ ಮನ್ಯಾಗ ಇದ್ದೆ. ಹೂರಣ ತಳಾ ಹಿಡೀತಿತ್ತು."

ನಿಮ್ಮ ಅಜ್ಜ ಹೋದ ಮರುವರ್ಷ ಅದು, ಬಬಲೇಶ್ವರದ ಬೀಗರ ಮನೆಯಲ್ಲಿ. ಮಂಗಲಾ ಎರಡು ಸಲ ಕರೆದಳು. ಬೀಗಿತ್ತಿಯೂ ಬಾಗಿಲಿಗೆ ಬಂದು "ಬರ್ರಿ, ಮಗಳ ಉಡಿ ನೀವ ಮೊದಲ ತುಂಬ್ರಿ" ಎಂದರು. ಬಂದೆ ಬಂದೆ ಎನ್ನುತ್ತ ನಾನು ಇನ್ನೊಂದು ಹೋಳಿಗೆ ಲಟ್ಟಿಸಿದೆ.

"ನಿನಗಂತ ಬಾಜೂಕ ಒಂದ ಮಣಿ ಹಾಕಿಸಿದ್ದೆ. ಕಡೀತನಕ ಖಾಲೀನ ಇತ್ತು. ಫೋಟೋದಾಗ ನೋಡು" ಎಂದಳು ಮಂಗಲಾ.

ಜಲನಗರದ ಮನೆಗೆ ಬಂದು ಚಾಳೀಸು ಹಾಕಿಕೊಂಡು ಗೋಡೆಯ ಮೇಲಿನ ಆ ಫೋಟೋ ನೋಡಿದೆ. ಹಸಿರು ಸೀರೆಯ ಮಂಗಲಾ ಫೋಟೋ ತೆಗೆಯುವವನನ್ನು ಬಿಟ್ಟು ಎತ್ತಲೋ ನೋಡುತ್ತಿದ್ದಾಳೆ. ಅತ್ತ ಅಡುಗೆಮನೆಯ ಬಾಗಿಲಿದೆ. ಅವಳ ಪಕ್ಕದಲ್ಲಿ ಖಾಲಿ ಮಣೆ, ಅದರ ಮೇಲೆ ಮಡಚಿಟ್ಟ ಒಂದು ಖಣ. ಒಂಬತ್ತು ವರ್ಷದಿಂದ ಈ ಫೋಟೋದ ಧೂಳು ಒರೆಸುವವಳು ನಾನೇ, ಓರೆಯಾದರೆ ನೆಟ್ಟಗೆ ಮಾಡುವವಳೂ ನಾನೇ. ಅದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದೇ. ಮೂಲೆಯ ತಟ್ಟೆಯಲ್ಲಿನ ಹೋಳಿಗೆ. ಒಂದೂ ಹರಿಯದೆ ಎಷ್ಟು ಮೆತ್ತಗೆ ಬಂದಿವೆ ಎಂದು ಪ್ರತಿ ಸಲವೂ ಹೆಮ್ಮೆಪಟ್ಟುಕೊಂಡಿದ್ದೆ.