ಟಾಮ್‌ಕಾಡ್ ಸಾರು ಮತ್ತು ನಾನು ಹೇಳದ ಒಂದು ಮಾತು

ಮೀನು ಸಾರು ಕುದಿಯುವಾಗ ಪಾತ್ರೆಗೆ ಸೌಟು ಹಾಕಬಾರದು. ಬಟ್ಟೆಯಲ್ಲಿ ಹಿಡಿದು ಪಾತ್ರೆಯನ್ನೇ ಆಡಿಸಬೇಕು. ಇಷ್ಟನ್ನು ನಾನು ತಂಗಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮರೆತದ್ದಲ್ಲ, ನುಂಗಿಕೊಂಡದ್ದು.

ನಾನು ಓದಿದ್ದು ಏಳನೆಯ ಕ್ಲಾಸು. ತಂಗಿ ವನಜಾ ಇಂಜಿನಿಯರು. ಡಾಟ್‌ಕಾಂ ಗಾಳಿಯಲ್ಲಿ, ಕಂಪ್ಯೂಟರ್ ಕಂಪನಿಗಳಿಗೆ ದುಡ್ಡು ಸುರಿಯುತ್ತಿದ್ದಾಗ, ಅವಳು ಈ ಪರದೇಶದ ಫ್ರೀಮಾಂಟಿನಲ್ಲಿ ಮನೆ ಕೊಂಡಳು. ನನ್ನ ಗಂಡ ಸಾಂಟಾ ಕ್ಲಾರಾದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ಕಂಪ್ಯೂಟರು ಅವಳಿಗೆ, ಮೀನು ನನಗೆ ಎಂದು ದೇವರೇ ಪಾಲು ಮಾಡಿದ್ದಾನೆಂದು ನಾನು ಸಮಾಧಾನದಲ್ಲಿದ್ದೆ.

ಒಂದು ಶನಿವಾರ ಅವಳ ಫೋನು ಬಂತು.

"ಅಕ್ಕ, ಇವರು ಪೆಸಿಫಿಕಾದ ಕಡಲಲ್ಲಿ ಗಾಳ ಹಾಕಿ ಮೀನು ತಂದಿದ್ದಾರೆ. ಟಾಮ್‌ಕಾಡ್ ಅಂತೆ, ಕಾಡ್ ಮೀನಿನ ಪುಟ್ಟ ದಾಯಾದಿ. ಗೇಣುದ್ದ ಉಂಟು. ಅತ್ತೆಗೆ ನಾನೇ ಸಾರು ಮಾಡ್ತೇನೆ."

ಅವಳ ಅತ್ತೆ ಮಲ್ಪೆಯಿಂದ ಬಂದಾಗಿನಿಂದ ಮೊಸರನ್ನ ಬಿಟ್ಟು ಬೇರೇನೂ ಮುಟ್ಟದೆ, ಊರಿಗೆ ಕಳಿಸಿ ಎಂದು ಹಟ ಹಿಡಿದಿದ್ದರು.

"ಇವತ್ತಿನ ಊಟ ರುಚಿಸದಿದ್ದರೆ ಅವರು ಹೊರಟೇ ಬಿಡ್ತಾರೆ ಅಕ್ಕ. ಹೇಗೆ ಮಾಡುವುದು ಹೇಳು."

ನೀನೇ ಬಂದು ಮಾಡು ಎಂದಿದ್ದರೆ ಓಡಿಹೋಗುತ್ತಿದ್ದೆ. "ನಾನೇ" ಎಂದಳಲ್ಲ, ನನ್ನ ಪಾಲಿಗೂ ಕೈ ಹಾಕಿದಳು ಅನ್ನಿಸಿತು. ಕಾಯಿ, ಬ್ಯಾಡಗಿ ಮೆಣಸು, ಹುಣಸೆಹುಳಿ, ಎಲ್ಲ ಹೇಳಿದೆ.

"ಅಷ್ಟೇಯಾ?"

"ಅಷ್ಟೇ."

ಆಮೇಲೆ ಒಳ್ಳೆಯ ಸೀರೆ ಉಟ್ಟು ಫ್ರೀಮಾಂಟಿಗೆ ಹೊರಟೆ. ಕೆಟ್ಟ ಸಾರಿನ ಮನೆಗೆ ಉದ್ಧಾರಕಿಯಾಗಿ ಪ್ರವೇಶಿಸುವುದು ನನ್ನ ಘನ ಉದ್ದೇಶ.

ಸಾರು ನಿರೀಕ್ಷೆಯಂತೆ ಗಂಜಿಯಾಗಿತ್ತು. ಮೆತ್ತನೆಯ ಮೀನು, ವನಜಾ ಸೌಟು ಹಾಕಿ ಶ್ರದ್ಧೆಯಿಂದ ತಿರುವಿದ್ದಳು. "ನೀವು ಕೂತ್ಕೊಳ್ಳಿ, ನಾನು ಉಳಿದದ್ದನ್ನು ರವೆ ಹಚ್ಚಿ ಹುರೀತೇನೆ" ಎಂದು ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತೆ. ನಮ್ಮೂರಿನ ಗಟ್ಟಿ ಕಾಣೆ ಮೀನಿನಂತೆ ಮಗುಚಿದೆ. ತಲೆ ಒಂದು ಕಡೆ ಹೋಯಿತು, ಬಾಲ ಇನ್ನೊಂದು ಕಡೆ. ನಡುವಿನದು ಉಪ್ಪಿಟ್ಟಾಯಿತು. ಹೊಗೆ ಎದ್ದು ಸೂರಿನ ಬೆಂಕಿ ಅಲಾರಮ್ಮು ಕೂಗತೊಡಗಿತು. ನಾನು ಕುರ್ಚಿ ಹತ್ತಿ ಒಳ್ಳೆಯ ಸೀರೆಯ ಸೆರಗಿನಿಂದ ಅದಕ್ಕೆ ಗಾಳಿ ಬೀಸುತ್ತಿದ್ದೆ.

ಆಗ ಸಾರು ಕಲಸಿ ಉಣ್ಣುತ್ತಿದ್ದ ಅತ್ತೆ ಕೆಮ್ಮಿದರು. ಕಣ್ಣಲ್ಲಿ ನೀರು. ತಿರುವಿದ ಸಾರಿನಲ್ಲಿ ಮುಳ್ಳುಗಳೆಲ್ಲ ಬಿಡಿಬಿಡಿಯಾಗಿ, ಒಂದು ಗಂಟಲಲ್ಲಿ ಸಿಕ್ಕಿತ್ತು. ಕುರ್ಚಿಯಿಂದ ಹೇಗೆ ಇಳಿದೆನೋ ತಿಳಿಯದು. ಅನ್ನದ ಉಂಡೆ ಮಾಡಿ ಕೊಟ್ಟೆ. ಅಗಿಯದೆ ನುಂಗಿದರು. ಇನ್ನೊಂದು ಕೊಟ್ಟೆ. ಮುಳ್ಳು ಇಳಿಯಿತು.

"ಮೀನು ಸಾರಿಗೆ ಸೌಟು ಹಾಕಿದ್ದಾ? ನಿನ್ನ ಅಕ್ಕ ಹೇಳ್ಲಿಲ್ವಾ?" ಅತ್ತೆ ಸೊಸೆಯನ್ನು ಕೇಳಿದರು.

"ಹೇಳಿರ್ತಾಳೆ ಅತ್ತೆ. ನಾನೇ ಗಮನ ಕೊಡಲಿಲ್ಲ. ಮೀನಿನ ವಿಷಯದಲ್ಲಿ ಅಕ್ಕ ಏನೂ ಬಿಡುವವಳಲ್ಲ."

ಮುಳ್ಳು ಈಗ ನನ್ನ ಗಂಟಲಿಗೆ ಬಂತು.

ಅತ್ತೆ ಎದ್ದು ನನ್ನ ಕಾವಲಿಯನ್ನು ಇಣುಕಿ ನೋಡಿದರು. ಬಂದ ಮೇಲೆ ಮೊದಲ ಸಲ ನಕ್ಕರು. "ಊರಿಗೆ ಈಗಲೇ ಹೋಗುವ ಹಾಗಿಲ್ಲ. ಈ ಇಬ್ಬರು ಹುಡುಗಿಯರಿಗೆ ಮೀನು ಮಾಡ್ಲಿಕ್ಕೆ ಯಾರು ಕಲಿಸುವುದು?"

ವನಜಾ ಖುಷಿಯಲ್ಲಿ ನನ್ನ ಕೈ ಹಿಡಿದಳು. ಮೈಯೆಲ್ಲ ರವೆಯಾಗಿ ನಿಂತಿದ್ದ ನಾನು ಕೊನೆಗೂ ಬಾಯಿ ಬಿಟ್ಟೆ.

"ಸೌಟಿನ ವಿಷಯ ನಾನು ಹೇಳ್ಲೇ ಇಲ್ಲ ವನಜಾ. ಬೇಕಂತಲೇ. ನಿನ್ನ ಸಾರು ನನ್ನದಕ್ಕಿಂತ ಚಂದ ಆದ್ರೆ ನನಗೆ ಮತ್ತೆ ಎಂತ ಉಳಿಯಿತು ಅಂತ ಹೆದರಿದೆ. ತಪ್ಪಾಯ್ತು ಮಾರಾಯ್ತಿ."