ಹೆಬ್ಬೆರಳೆತ್ತಿ ಸಮುದ್ರಕ್ಕೆ ಇಳಿದದ್ದು

ನನಗೆ ನೀರಿನ ಹೆದರಿಕೆ ಇಲ್ಲ. ಬಕೆಟ್ಟಿನಲ್ಲಿ ಇರುವತನಕ ನೀರಿನ ಜೊತೆ ನನ್ನ ಸಂಬಂಧ ಅತ್ಯಂತ ಸೌಹಾರ್ದದ್ದು.

ಕಾಗವಾಡದಲ್ಲಿ ದ್ರಾಕ್ಷಿ ಬೆಳೆಯುವವನಿಗೆ ಇದಕ್ಕಿಂತ ಹೆಚ್ಚಿನ ಧೈರ್ಯ ಬೇಕಾಗಿಯೂ ಇರಲಿಲ್ಲ. ತೊಂದರೆ ಇದ್ದದ್ದು ನನ್ನ ಹೆಸರಿನಲ್ಲಿ. ಅಪ್ಪ ಬಾಹುಬಲಿ ಎಂದು ಇಟ್ಟಿದ್ದಾನೆ. ಆ ಹೆಸರು ಹೊತ್ತವನು ‘ನನಗೆ ಅಂಜಿಕೆ’ ಎಂದು ಹೇಳುವುದು ಹ್ಯಾಗೆ? ಇನ್ನೊಂದು ತೊಂದರೆ, ಹೆಂಡತಿಯ ತವರು ಯಡೂರು. ಸುನಂದಾ ಕೃಷ್ಣಾ ಹೊಳೆಯ ದಂಡೆಯ ಮೇಲೆ ಬೆಳೆದವಳು, ಈ ದಂಡೆಯಿಂದ ಆ ದಂಡೆಗೆ ಈಜುವವಳು. ನಾನು ಅತ್ತೆಯ ಮನೆಗೆ ಹೋದಾಗ ಘಾಟಿನ ಕೊನೆಯ ಮೆಟ್ಟಿಲ ಮೇಲೆ ಕೂತು, ತಂಬಿಗೆಯಿಂದ ನೀರು ಮೊಗೆದು ಸ್ನಾನ ಮಾಡುತ್ತಿದ್ದೆ. ಮದುವೆಯಾದಾಗಿನಿಂದ ಅವಳು ಈ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ. ಸಾಧ್ವಿ!

ತೊಂಬತ್ತರ ದಶಕದ ಒಂದು ಏಪ್ರಿಲ್. ಕಟಾವು ಮುಗಿದು, ಬಳ್ಳಿ ಸವರುವ ಚಾಟಣಿಯೂ ಮುಗಿದು, ಕೈಗೆ ಸ್ವಲ್ಪ ಪುರುಸೊತ್ತು ಸಿಕ್ಕಿತ್ತು. ಪಕ್ಕದ ತೋಟದ ಅಣ್ಣಾಸಾಬ ತನ್ನ ಜೀಪು ತೆಗೆದ. ಅವನ ಬದುಕಿನಲ್ಲಿ ಎರಡೇ ಸಂತೋಷಗಳು: ತನ್ನ ದ್ರಾಕ್ಷಿ ಚೆನ್ನಾಗಿ ಬರುವುದು, ನನ್ನದು ಕೆಡುವುದು. ಅವನು, ನಾನು, ಸುನಂದಾ ಮೂವರೂ ಚಿಕ್ಕೋಡಿ, ನಿಪ್ಪಾಣಿ ದಾಟಿ, ಆಂಬೋಲಿ ಘಾಟ ಇಳಿದು ಗೋವಾಕ್ಕೆ ಹೊರಟೆವು.

ಘಾಟದ ತಿರುವುಗಳಲ್ಲಿ ಮಾತು ಹೇಗೋ ಸಮುದ್ರಕ್ಕೆ ಬಂತು. ನಾನು ಅತ್ಯಂತ ಸಹಜವಾಗಿ ಅಂದೆ, “ಕೃಷ್ಣಾ ಹೊಳಿ ಮಹಾಪೂರದಾಗ ಈಸಿದವಗ ಸಮುದ್ರ ಏನ್ ಲೆಕ್ಕ ಬಿಡೋ.”

ಹಿಂದಿನ ಸೀಟಿನಲ್ಲಿ ಸುನಂದಾ ಕೆಮ್ಮಿದಳು.

ದೇವರು ಇಂಥ ಮಾತುಗಳನ್ನು ಮಾತ್ರ ಬಹಳ ಗಮನವಿಟ್ಟು ಕೇಳುತ್ತಾನೆ. ಮರುದಿನ ಬೆಳಿಗ್ಗೆ ದಂಡೆಯ ಮೇಲೆ ಒಂದು ಬೋರ್ಡು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಮನುಷ್ಯ ಮೀನುಗಳ ನಡುವೆ ತೇಲುತ್ತಿದ್ದಾನೆ. ಈಜು ಬರದಿದ್ದರೂ ಸರಿ, ಸಮುದ್ರದ ತಳ ತೋರಿಸುತ್ತೇವೆ ಎಂದು ಬರೆದಿತ್ತು.

“ಬಾಹುಬಲಿ, ನಿನಗಂತನ ಹಚ್ಯಾರ ನೋಡೋ ಇದನ್ನ!” ಎಂದ ಅಣ್ಣಾಸಾಬ.

“ನೀನೂ ಬಾರಲೇ.”

“ನನಗ ಬಿಪಿ ಐತಿ.”

ನನಗೂ ಆ ಕ್ಷಣದಲ್ಲಿ ಬಿಪಿ ಶುರುವಾಗಿತ್ತು. ಆದರೆ ಅವನು ಮೊದಲು ಹೇಳಿಬಿಟ್ಟಿದ್ದ!

ನನ್ನನ್ನು ಮುಳುಗಿಸುವ ಹೊಣೆ ಹೊತ್ತವಳು ಶೈಲಾ ಎಂಬ ಹುಡುಗಿ. ನನ್ನ ಭುಜದಷ್ಟೂ ಎತ್ತರವಿಲ್ಲ. ಮರಾಠಿಯಲ್ಲಿ “ಘಾಬರೂ ನಕಾ ಕಾಕಾ” ಎಂದಳು. ಹೆದರಬೇಡಿ ಎಂದು ಯಾರಾದರೂ ಹೇಳುವವರೆಗೆ ನಾನು ಅಷ್ಟು ಹೆದರಿರಲಿಲ್ಲ.

ಮೊದಲು ರಬ್ಬರಿನ ಅಂಗಿ. ಅದರೊಳಗೆ ನನ್ನನ್ನು ತುಂಬುವ ಕೆಲಸಕ್ಕೆ ಅಣ್ಣಾಸಾಬನೂ ಕೈ ಹಾಕಬೇಕಾಯಿತು. ಜೋಳದ ಚೀಲಕ್ಕೆ ಮೊಣಕಾಲು ಕೊಟ್ಟು ಬಾಯಿ ಹೊಲಿಯುತ್ತಾರಲ್ಲ, ಹಾಗೆ ನನ್ನ ಹೊಟ್ಟೆಗೆ ಮೊಣಕಾಲು ಕೊಟ್ಟು ಜಿಪ್ಪು ಎಳೆದ. ಅದರಲ್ಲಿ ಅವನು ತೋರಿಸಿದ ಉತ್ಸಾಹ ಅಗತ್ಯಕ್ಕಿಂತ ಹೆಚ್ಚೇ ಇತ್ತು. ಆಮೇಲೆ ಮೂಗನ್ನೂ ಮುಚ್ಚುವ ಕನ್ನಡಕ. ನನ್ನ ಮೀಸೆ ದಪ್ಪ, ಅದರ ಸಂದಿಯಿಂದ ನೀರು ಒಳಗೆ ಬರುತ್ತದೆಯಂತೆ. ಮೀಸೆ ಬೋಳಿಸಬೇಕು ಎಂದಳು ಶೈಲಾ. ಬಾಹುಬಲಿಯ ಮೀಸೆ! ದೀರ್ಘ ಮಾತುಕತೆಯ ನಂತರ ಉಭಯ ಪಕ್ಷಗಳೂ ಒಂದು ಒಪ್ಪಂದಕ್ಕೆ ಬಂದು, ಮೀಸೆಗೆ ದಪ್ಪಗೆ ಮುಲಾಮು ಮೆತ್ತಲಾಯಿತು.

ಕೊನೆಗೆ ಸೊಂಟಕ್ಕೆ ಸೀಸದ ತುಂಡುಗಳ ಪಟ್ಟಿ.

“ಇದ್ಯಾಕ?” ಎಂದೆ.

“ಮುಳುಗಬೇಕಲ್ಲ ಕಾಕಾ, ಅದಕ್ಕೆ.”

ನಾನು ಆಯುಷ್ಯವಿಡೀ ಯಾವುದನ್ನು ತಪ್ಪಿಸಿಕೊಂಡು ಬಂದಿದ್ದೆನೋ ಅದಕ್ಕೆ ಇವರು ಸೀಸ ಕಟ್ಟಿ ವ್ಯವಸ್ಥೆ ಮಾಡುತ್ತಿದ್ದರು!

ದೋಣಿ ಒಂದು ನಡುಗಡ್ಡೆಯ ಮಗ್ಗುಲಿಗೆ ಹೋಗಿ ನಿಂತಿತು. ಸುನಂದಾ ನನ್ನ ಕಿವಿಯ ಹತ್ತಿರ ಬಂದಳು. ವೀರನಿಗೆ ಬೀಳ್ಕೊಡುಗೆಯ ಮಾತು ಹೇಳುತ್ತಾಳೆ ಎಂದುಕೊಂಡೆ.

“ನೀರ ಕುಡೀಬ್ಯಾಡ್ರಿ ಮತ್ತ. ಸೋಸಿಲ್ಲ ಅದು.”

ನಾವು ಜೈನರು. ಬಾವಿಯ ನೀರನ್ನೂ ಬಟ್ಟೆಯಲ್ಲಿ ಸೋಸದೆ ಕುಡಿಯುವುದಿಲ್ಲ. ನಾನು ದೋಣಿಯ ಏಣಿ ಇಳಿದು, ತಲೆ ನೀರಿನೊಳಗೆ ಹೋದ ಕೂಡಲೇ ಮಾಡಿದ ಮೊದಲ ಕೆಲಸವೆಂದರೆ ಬಾಯಿಯ ನಳಿಕೆ ಉಗುಳಿ, “ಅವ್ವಾ!” ಎಂದು ಕೂಗಿದ್ದು. ಅರಬ್ಬಿ ಸಮುದ್ರದ ಗಣನೀಯ ಭಾಗ ಸೋಸದೆಯೇ ಒಳಗೆ ಹೋಯಿತು.

ಶೈಲಾ ಮತ್ತೆ ನಳಿಕೆ ಕಚ್ಚಿಸಿದಳು. ನಾನು ಏಣಿ ಹಿಡಿದುಕೊಂಡೆ. ಅವಳು ನನ್ನ ಬಲಗೈ ಬಿಡಿಸಿದರೆ ಎಡಗೈ ಹಿಡಿಯುತ್ತಿತ್ತು, ಎಡಗೈ ಬಿಡಿಸಿದರೆ ಕಾಲು ಹಿಡಿಯುತ್ತಿತ್ತು. ಅಂತೂ ಏಣಿ ಬಿಡಿಸಿ ಒಂದಾಳು ಕೆಳಗೆ ಒಯ್ದಳು. ಹಿಡಿಯಲು ಬೇರೇನೂ ಇಲ್ಲದ್ದರಿಂದ ನಾನು ಧೈರ್ಯ ತಂದುಕೊಂಡೆ. ಅವಳು ‘ಹೇಗಿದ್ದೀರಿ?’ ಎಂದು ಕೈಯಲ್ಲಿ ಕೇಳಿದಳು. ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಭೇಷ್, ಎಲ್ಲ ಬರಾಬರ್ ಐತಿ!

ಕೂಡಲೇ ನನ್ನನ್ನು ಮೇಲಕ್ಕೆ ಎಳೆದುಕೊಂಡು ಬಂದಳು.

“ಏನಾಯಿತು ಕಾಕಾ?”

“ಏನೂ ಆಗಿಲ್ಲಲ್ಲ!”

ಮತ್ತೆ ಇಳಿದೆವು. ಮತ್ತೆ ಕೇಳಿದಳು. ಮತ್ತೆ ಹೆಬ್ಬೆರಳು ಎತ್ತಿದೆ. ಮತ್ತೆ ಮೇಲೆ! ಬಾವಿಯ ರಾಟೆಗೆ ಕಟ್ಟಿದ ಕೊಡದಂತೆ ನಾನು ಏರುತ್ತ ಇಳಿಯುತ್ತ ಇದ್ದೆ. ಕೊನೆಗೆ ಶೈಲಾಳ ಸಹನೆ ಮುಗಿಯಿತು. “ಅಹೋ ಕಾಕಾ, ಸಕಾಳೀ ಹೇಳಿದ್ದೆನಲ್ಲ! ನೀರಿನಲ್ಲಿ ಹೆಬ್ಬೆರಳು ಎತ್ತಿದರೆ ‘ಮೇಲೆ ಒಯ್ಯಿರಿ’ ಅಂತ ಅರ್ಥ!”

ಬೆಳಿಗ್ಗೆ ಅವಳು ಹೇಳುವಾಗ ನಾನು ಹೊಟ್ಟೆ ಒಳಗೆ ಎಳೆದುಕೊಂಡು ನಿಂತಿದ್ದೆ. ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ.

ದೋಣಿಯ ಮೇಲೆ ಅಣ್ಣಾಸಾಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಮಹಾಪೂರದಾಗ ಹಿಂಗ ಈಸಿದ್ದೇನೋ?”

ನನಗೆ ಸಾಕಾಗಿತ್ತು. ಗಂಟಲು ಉಪ್ಪಿನಿಂದ ಸುಡುತ್ತಿತ್ತು. ಆಗ ಸುನಂದಾ ದೋಣಿಯ ಅಂಚಿನಿಂದ ಬಾಗಿ, ಬಹಳ ಮೆತ್ತಗೆ ಅಂದಳು, “ಸಾಕು ಬರ್ರಿ ಮ್ಯಾಲೆ. ಅಂಜಿಕಿ ಎಲ್ಲಾರಿಗೂ ಇರ್ತೈತಿ. ನಾ ಏನೂ ಅನ್ನೂದಿಲ್ಲ.”

ಅವಳು ಬೈದಿದ್ದರೆ ನಾನು ಖಂಡಿತ ಮೇಲೆ ಹತ್ತುತ್ತಿದ್ದೆ. ನಕ್ಕಿದ್ದರೂ ಹತ್ತುತ್ತಿದ್ದೆ. ಆದರೆ ಆ ದನಿಯಲ್ಲಿ ಚೂರೂ ಕುಹಕವಿರಲಿಲ್ಲ. ಇಷ್ಟು ವರ್ಷ ಅವಳು ನಡುಹೊಳೆಯಲ್ಲಿ ಒಬ್ಬಳೇ ಈಜುತ್ತ, ಮೆಟ್ಟಿಲ ಮೇಲೆ ತಂಬಿಗೆ ಹಿಡಿದು ಕೂತ ಗಂಡನ ಕಡೆಗೆ ಕೈ ಬೀಸುತ್ತಿದ್ದಳು. ಒಮ್ಮೆಯೂ ‘ಬರ್ರಿ’ ಎಂದು ಒತ್ತಾಯ ಮಾಡಿರಲಿಲ್ಲ. ನನಗೆ ನಾಚಿಕೆಯಾಯಿತು. ಅಂಜಿಕೆಗಿಂತ ಒಂದು ಗುಲಗಂಜಿಯಷ್ಟು ಜಾಸ್ತಿ.

ನಳಿಕೆ ಕಚ್ಚಿದೆ. ಶೈಲಾಳ ಕೈ ಹಿಡಿದೆ. ಕಣ್ಣು ಮುಚ್ಚಿ ಇಳಿದೆ.

ಕಿವಿಯಲ್ಲಿ ನನ್ನದೇ ಉಸಿರಿನ ಸದ್ದು. ಒಳಗೆ ಬರುತ್ತಿತ್ತು, ಹೊರಗೆ ಹೋಗುತ್ತಿತ್ತು. ಪ್ರತಿ ಸಲವೂ ಬರುತ್ತಿತ್ತು! ಇದು ನಂಬಿಕೆಗೆ ಅರ್ಹವಾದ ವ್ಯವಸ್ಥೆ ಎಂದು ನಿಧಾನಕ್ಕೆ ಮನವರಿಕೆಯಾಯಿತು. ಮೊಣಕಾಲಿಗೆ ಮರಳು ತಾಗಿತು. ಕಣ್ಣು ತೆರೆದೆ.

ಹಸಿರು ಬೆಳಕು. ಹಳದಿ ಪಟ್ಟೆಯ ಮೀನುಗಳು ಗುಂಪಾಗಿ ಬಂದು, ಮೀಸೆಯ ಮುಲಾಮು ನೋಡಿ, ಪಸಂದಾಗದೆ ಹೋದವು. ಬಂಡೆಯ ಮೇಲೆ ಏನೋ ಹೂವಿನಂತಹದು ಬಾಯಿ ತೆರೆದು ಮುಚ್ಚುತ್ತಿತ್ತು. ಎದೆಯೊಳಗೆ ಹುಟ್ಟಿದಾಗಿನಿಂದ ಗಂಟು ಹಾಕಿಕೊಂಡು ಕೂತಿದ್ದ ಏನೋ ಒಂದು ಸಡಿಲಾಯಿತು. ನಾನು, ಕಾಗವಾಡದ ಬಾಹುಬಲಿ, ಸಮುದ್ರದ ತಳದಲ್ಲಿ ಮಂಡಿಯೂರಿ ಕೂತಿದ್ದೆ, ಮತ್ತು ನನಗೆ ಅಂಜಿಕೆ ಆಗುತ್ತಿರಲಿಲ್ಲ!

ಸ್ವಲ್ಪ ಹೊತ್ತಿಗೆ ಶೈಲಾ ಹೆಬ್ಬೆರಳು ಎತ್ತಿದಳು. ಎಂಥ ಮೆಚ್ಚುಗೆ! ನಾನು ಕೈ ಮುಗಿದೆ. ಅವಳು ಮತ್ತೆ ಎತ್ತಿದಳು, ಈ ಸಲ ಜೋರಾಗಿ. ಇಷ್ಟೊಂದು ಹೊಗಳಿಕೆಗೆ ನಾನು ಪಾತ್ರನಲ್ಲ ಎಂದು ವಿನಯದಿಂದ ತಲೆಯಾಡಿಸಿ, ಮೀನುಗಳ ಹಿಂದೆ ಬಂಡೆಯ ಆಚೆ, ದೋಣಿಗೆ ಕಾಣದ ಬದಿಗೆ ಹೊರಟೆ. ಕೊನೆಗೆ ಅವಳು ಬೆನ್ನಿನ ಸಿಲಿಂಡರ್ ಹಿಡಿದು, ಓಡಿಹೋದ ಹೋರಿಯನ್ನು ಎಳೆದುಕೊಂಡು ಬರುವಂತೆ ಮೇಲಕ್ಕೆ ಎಳೆದಳು. ಗಾಳಿ ಮುಗಿಯುತ್ತ ಬಂದಿತ್ತಂತೆ!

ದೋಣಿ ಹತ್ತಿದ ಮೇಲೆ ವಿಜಯದ ಎರಡು ಮಾತು ಆಡಬೇಕೆಂದು ಬಾಯಿ ತೆರೆದೆ. ಮಾತಿನ ಬದಲು ಕುಡಿದ ಸಮುದ್ರವೆಲ್ಲ ಹೊರಗೆ ಬಂತು. ಸುನಂದಾ ನನ್ನ ಹಣೆ ಗಟ್ಟಿಯಾಗಿ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು.

“ಅಂಜಿಕಿ ಹೋತು ನೋಡು ನಂದು!” ಎಂದೆ, ಮುಖ ಒರೆಸಿಕೊಳ್ಳುತ್ತ.

“ನಿಮ್ಮದು ಹೋತು. ನನಗ ಹತ್ತಿತು,” ಎಂದಳು. ಅವಳ ಕಣ್ಣು ಕೆಂಪಾಗಿದ್ದವು. “ಮೊದಲ ನೀರ ಮ್ಯಾಲೆ ನಿಮ್ಮ ಗುಳ್ಳಿ ಕಾಣಾಕತ್ತಿದ್ದವು. ಆಮ್ಯಾಲೆ ಒಮ್ಮೆಲೇ ಬಂದ್ ಆದವು. ಅಣ್ಣಾಸಾಬಣ್ಣನೂ ನಗೂದ ಬಿಟ್ಟ. ನಾ ಅಲ್ಲೇ ಕುಂತು ದೇವರ ಮುಂದ ನಿಯಮ ಹಿಡಿದೆ. ಇವ್ರು ಹೊಳ್ಳಿ ಬಂದ್ರ ಒಂದ ವರ್ಷ ಚಾ ಬಂದ್ ಅಂತ.”

ನನಗಾಗಿ ಈ ಹೆಣ್ಣು ವರ್ಷವಿಡೀ ಚಹಾ ಬಿಡುವುದೇ? “ಯಾಕ ಸುನಂದಾ? ನಿನಗ ಚಾ ಇಲ್ಲದ ಹ್ಯಾಂಗ ಆಗ್ತೈತಿ?”

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನನ್ನು ವಿಚಿತ್ರವಾಗಿ ನೋಡಿದಳು.

“ನಾ ಯಾಕ ಬಿಡ್ಲಿ? ಮುಳುಗಿದವರು ನೀವು!”

ದಂಡೆಗೆ ಬಂದಾಗ ಗಾಳಿ ಬೀಸುತ್ತಿತ್ತು. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು. ಅಣ್ಣಾಸಾಬ ಗೂಡಂಗಡಿಯ ಮುಂದೆ ನಿಂತು ಶುಂಠಿ ಹಾಕಿಸಿದ ಚಹಾ ಹೇಳಿದ, ಎಲ್ಲರಿಗೂ. ಸುನಂದಾ ನನ್ನ ಪಾಲಿನದನ್ನು ಶೈಲಾಳ ಕೈಗೆ ಕೊಟ್ಟಳು. ಮೂವರೂ ಸುರ್ ಸುರ್ ಎಂದು ಹೀರತೊಡಗಿದರು. ಸಮುದ್ರವನ್ನು ಗೆದ್ದು ಬಂದ ನಾನು ಟವೆಲ್ ಸುತ್ತಿಕೊಂಡು, ಬಿಸಿನೀರಿನ ಗ್ಲಾಸು ಹಿಡಿದು, ಬೀಸುವ ಗಾಳಿಗೆ ಮೂಗೊಡ್ಡಿ ನಿಂತೆ. ಶುಂಠಿಯ ವಾಸನೆ ಮಾತ್ರ ಚೆನ್ನಾಗಿ ಬರುತ್ತಿತ್ತು.