ಶಿಶುವಿಹಾರದ ಬಾಗಿಲು ಎಷ್ಟು ಗಂಟೆಗೆ?

ಬೇರೆಯವರು ಮಾಡಿದ ಸಂಶೋಧನೆಗಳನ್ನೆಲ್ಲ ಬೇಗ ಬೇಗ ಓದಿ, ಹದಿನೈದೇ ದಿನದಲ್ಲಿ ಸಾರ ತೆಗೆದು ಸರ್ಕಾರಿ ಅಧಿಕಾರಿಗಳಿಗೆ ಕೊಡುವ ಸಂಸ್ಥೆಯಲ್ಲಿ ನಾನು ಕೆಲಸಕ್ಕಿದ್ದೆ. ಓದುವುದು ಸುಲಭ, ಏನು ತಿಳಿಯಬೇಕೆಂದು ಅವರ ಬಾಯಿಂದ ಹೇಳಿಸುವುದಿದೆಯಲ್ಲ, ಅಲ್ಲಿ ಸಾಕುಸಾಕಾಗುತ್ತದೆ. ಪೀಣ್ಯದ ಒಂದು ಶಿಶುವಿಹಾರದ ವಿಷಯದಲ್ಲೇ ಮೂರು ಸಲ ಹಾಗಾಯಿತು.

೧. ಪ್ರಶ್ನೆ ಹುಟ್ಟಿದ್ದು

"ಯಾವುದರ ಬಗ್ಗೆ ವರದಿ ಬೇಕು ಸಾರ್?"

"ಮಹಿಳಾ ಕಾರ್ಮಿಕರು."

"ಅವರ ಬಗ್ಗೆ ಏನು ಸಾರ್?"

"ಎಲ್ಲಾ ಹಾಕ್ಬಿಡ್ರೀ."

ಮೂರು ಕಾಫಿ ಆದಮೇಲೆ ಇಲಾಖೆಯ ಸಾಹೇಬರ ಬಾಯಿಂದ ವಿಷಯ ಹೊರಬಿತ್ತು. ಗಾರ್ಮೆಂಟ್ಸ್ ಪಕ್ಕ ಶಿಶುವಿಹಾರ ಕಟ್ಟಿಯಾಗಿದೆ. ಎಷ್ಟು ಗಂಟೆಗೆ ತೆರೆಯಬೇಕೆಂದು ಯಾರಿಗೂ ಗೊತ್ತಿಲ್ಲ. ಅದನ್ನೇ ಒಂದು ಸಾಲಲ್ಲಿ ಬರೆದುಕೊಟ್ಟೆ.

"ಇಷ್ಟೇನಾ? ಇಷ್ಟಕ್ಕೆಲ್ಲ ಅಧ್ಯಯನ ಬೇಕೇನ್ರೀ?" ಎಂದರು ಸಾಹೇಬರು. ನಾನೂ ಅದನ್ನೇ ಕೇಳಬೇಕೆಂದಿದ್ದೆ.

೨. ಪ್ರಶ್ನೆ ಬೆಳೆದದ್ದು

ಫೈಲು ಮೇಲಕ್ಕೆ ಹೋಯಿತು. ಓದಿದ್ದಕ್ಕೆ ಗುರುತಾಗಿ ಪ್ರತಿಯೊಬ್ಬ ಅಧಿಕಾರಿಯೂ ಏನಾದರೂ ಸೇರಿಸಲೇಬೇಕು. ಒಬ್ಬರು "ಮತ್ತು ಪೌಷ್ಟಿಕತೆ" ಎಂದರು, ಇನ್ನೊಬ್ಬರು "ಮತ್ತು ಹಿರಿಯ ನಾಗರಿಕರು", ಮತ್ತೊಬ್ಬರು "ಮತ್ತು ಬೀದಿನಾಯಿಗಳು". ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ, ಒಂದು ಸಾಲಿನ ಪ್ರಶ್ನೆ ಎರಡು ಪುಟವಾಗಿ ಇಳಿದುಬಂತು. ಬಾಗಿಲು ತೆರೆಯುವ ಹೊತ್ತಿನ ಮಾತು ಎಲ್ಲಿ ಎಂದು ಹುಡುಕಿದೆ. ಅದಕ್ಕೆ ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಬರೆದಿತ್ತು: "ವಿಷಯಕ್ಕೆ ಸಂಬಂಧಿಸಿಲ್ಲ."

೩. ಉತ್ತರ ಸಿಕ್ಕಿದ್ದು

ಆದರೂ ನಾವು ಬಿಡಲಿಲ್ಲ. ವರದಿಯ ಮೊದಲ ಸಾಲೇ ಹೀಗಿತ್ತು: ತಾಯಂದಿರ ಕೆಲಸ ಎಂಟೂವರೆಗೆ ಶುರು, ಬಾಗಿಲು ಎಂಟಕ್ಕೇ ತೆರೆಯಲಿ.

"ಕಚೇರಿ ವೇಳೆ ಹತ್ತು. ಹತ್ತೇ ಇರ್ಲಿ" ಎಂದರು ಸಾಹೇಬರು.

ನನಗೆ ಮೈಯೆಲ್ಲ ಉರಿಯಿತು. ಎಂಟೂವರೆಯಿಂದ ಹತ್ತರವರೆಗೆ ಮಕ್ಕಳು ಎಲ್ಲಿರಬೇಕು? ತಾಯಂದಿರನ್ನೇ ಕೇಳೋಣ ಎಂದು ಹಠ ಹಿಡಿದೆ. ಸಭೆ ನಿಗದಿಯಾಯಿತು, ಸಾಹೇಬರ ಕಚೇರಿಯಲ್ಲಿ, ಬುಧವಾರ ಹನ್ನೊಂದಕ್ಕೆ. ಅಂದರೆ ಅವರೆಲ್ಲ ಹೊಲಿಗೆ ಮೆಷಿನ್ ಮುಂದಿರುವ ಹೊತ್ತಿಗೆ. ಬಂದದ್ದು ಒಬ್ಬಳೇ, ಗದಗದ ಕಡೆಯವಳು. ಕಂಕುಳಲ್ಲಿ ವರ್ಷದ ಕೂಸು. ಅರ್ಧ ಗಂಟೆ ಪರ್ಮಿಷನ್ ಕೇಳಿ ಬಂದಿದ್ದಳು.

"ಹತ್ತಕ್ಕೆ ತೆಗೆದ್ರೆ ಏನಮ್ಮ ಕಷ್ಟ? ಒಂದೂವರೆ ಗಂಟೆ ತಾನೇ? ಯಾರಾದ್ರೂ ನೋಡ್ಕೊಳ್ತಾರೆ" ಎಂದರು ಸಾಹೇಬರು.

"ಹೌದ್ರಿ? ಹಂಗಾರ ನೀವ ಹಿಡೀರಿ ಸಾಹೇಬ್ರ" ಎಂದು ಕೂಸನ್ನು ಅವರ ತೊಡೆ ಮೇಲೆ ಕೂರಿಸಿದಳು. "ಒಂದೂವರೆ ತಾಸಿಗೆ ಬರ್ತೀನ್ರಿ." ಹೊರಟೇ ಹೋದಳು.

ಕೂಸು ಮೊದಲು ಸಾಹೇಬರ ಕನ್ನಡಕ ಕಿತ್ತುಕೊಂಡಿತು. ಆಮೇಲೆ ಅಮ್ಮ ಕಾಣದೆ ಕಿರುಚಿಕೊಂಡ ರಭಸಕ್ಕೆ ಪಕ್ಕದ ಕಚೇರಿಯವರೂ ಎದ್ದು ಬಂದರು.

"ಎಂಟಕ್ಕೆ ಅಂತ ಬರ್ಕೊಳ್ರೀ!" ಎಂದು ಸಾಹೇಬರು ಕೂಗಿದರು.

ಬರೆದುಕೊಂಡೆ. ಕೂಸು ದನಿ ಇನ್ನಷ್ಟು ಏರಿಸಿತು.

"ಬೇಡ, ಏಳೂವರೆ!"